ಡಿಗ್ರಿ ತರಗತಿಯ ನೋಟ್ಸ್: ಏನು ಬರೆಯಬೇಕು, ಎಷ್ಟು ಬರೆಯಬೇಕು, ಆಮೇಲೆ ಏನು ಮಾಡಬೇಕು

ಪಿಯುಸಿವರೆಗೆ ನೋಟ್ಸ್ ಎಂದರೆ ಸಿದ್ಧ ಅಡುಗೆ. ಸರ್ ಹೇಳಿ ಬರೆಸುತ್ತಾರೆ, ತಪ್ಪಿಸಿಕೊಂಡವರು ಪಕ್ಕದವರ ವಹಿ ಇಸಿದುಕೊಂಡು ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆದು ಬರುತ್ತಾರೆ. ಡಿಗ್ರಿಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಈ ಏರ್ಪಾಡು ಕೈಕೊಡುತ್ತದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿಎ, ಬಿಕಾಂ ಇರಲಿ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ ಇಂಜಿನಿಯರಿಂಗ್ ಕಾಲೇಜಿರಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇರಲಿ, ಅಲ್ಲಿ ಪಾಠ ಹೇಳುವವರು ಮಾತಾಡುತ್ತಾ ಹೋಗುತ್ತಾರೆ. ಯಾವುದನ್ನು ಬರೆದುಕೊಳ್ಳಬೇಕು ಎಂದು ಬಿಡಿಸಿ ಹೇಳುವುದಿಲ್ಲ. ನಾಲ್ಕು ತಿಂಗಳಿನ ಸೆಮಿಸ್ಟರ್, ಐದಾರು ವಿಷಯ, ನಡುವೆ ಇಂಟರ್ನಲ್ಸ್ ಎಂಬ ಎರಡು ಮೂರು ಕಿರುಪರೀಕ್ಷೆ. ಮೊದಲ ಇಂಟರ್ನಲ್ ಹಿಂದಿನ ರಾತ್ರಿ ವಹಿ ತೆರೆದಾಗ ಅರ್ಧಂಬರ್ಧ ವಾಕ್ಯಗಳು, ಯಾವುದಕ್ಕೆ ಯಾವುದು ಸಂಬಂಧ ಎಂದು ಗೊತ್ತಾಗದ ಬಾಣದ ಗುರುತುಗಳು ಎದುರಾಗುತ್ತವೆ.

ಇದು ಬುದ್ಧಿಯ ಕೊರತೆ ಅಲ್ಲ, ಅಕ್ಷರದ ತೊಂದರೆಯೂ ಅಲ್ಲ. ನೋಟ್ಸ್ ಮಾಡುವುದನ್ನು ಯಾರೂ ಕಲಿಸಿಲ್ಲ, ಅಷ್ಟೇ.

ಮೂರು ಬೇರೆ ಬೇರೆ ವಸ್ತುಗಳು

ನಾವು ನೋಟ್ಸ್ ಎಂದು ಕರೆಯುವುದರಲ್ಲಿ ಮೂರು ಬಗೆ ಬೆರೆತುಹೋಗಿವೆ. ಒಂದು, ಹೇಳಿ ಬರೆಸಿದ್ದು. ಅದು ಮೇಷ್ಟ್ರ ನೋಟ್ಸ್, ನಿಮ್ಮ ಕೈ ಅದನ್ನು ನಕಲು ಮಾಡಿದೆ. ಎರಡು, ಓದುವ ಸಾಮಗ್ರಿ: ಪುಸ್ತಕ, ಪಿಪಿಟಿ, ವಾಟ್ಸ್ಯಾಪ್ ಗುಂಪಿಗೆ ಬರುವ ಪಿಡಿಎಫ್, ಸೀನಿಯರ್‌ಗಳ ಝೆರಾಕ್ಸ್. ಮೂರನೆಯದು, ಪಾಠ ಕೇಳುತ್ತಾ ನೀವೇ ಆರಿಸಿ, ಕತ್ತರಿಸಿ, ನಿಮ್ಮ ಮಾತಿನಲ್ಲಿ ಬರೆದುಕೊಂಡದ್ದು. ಈ ಲೇಖನದಲ್ಲಿ ನೋಟ್ಸ್ ಎಂದಾಗಲೆಲ್ಲ ಮೂರನೆಯದು ಎಂದು ತಿಳಿಯಬೇಕು.

ಅದರಿಂದ ಎರಡು ಉಪಯೋಗ. ಬರೆಯುವಾಗ ಗಮನ ಪಾಠದ ಮೇಲೆ ನಿಲ್ಲುತ್ತದೆ, ಯಾವುದು ಮುಖ್ಯ ಎಂದು ಅಲ್ಲೇ ತೀರ್ಮಾನಿಸಬೇಕಾಗುತ್ತದೆ. ಬರೆದಾದ ಮೇಲೆ ಅದು ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳುವ ಸಾಧನವಾಗುತ್ತದೆ. ಹೆಚ್ಚಿನವರು ಮೊದಲನೆಯದರಲ್ಲೇ ನಿಲ್ಲುತ್ತಾರೆ, ಅದೂ ಅರ್ಧಕ್ಕೆ.

ಕಿವಿ ಕೇಳುವುದು ಎಷ್ಟು, ಕೈ ಬರೆಯುವುದು ಎಷ್ಟು

ಪಾಠ ಮಾಡುವವರು ಇಂಗ್ಲಿಷಿನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 120ರಿಂದ 150 ಪದ ಆಡುತ್ತಾರೆ. ಕೈಬರಹದಲ್ಲಿ ನಿಮಿಷಕ್ಕೆ 20ರಿಂದ 25 ಪದ ದಾಟಿದರೆ ಅಕ್ಷರ ಕೆಡುತ್ತದೆ. ಕನ್ನಡದ ಪದಗಳು ಉದ್ದ, ಒತ್ತಕ್ಷರ ಬೇರೆ, ಲೆಕ್ಕ ಸ್ವಲ್ಪ ಬದಲಾಗಬಹುದು. ಆದರೆ ಮಾತು ಬರಹಕ್ಕಿಂತ ಐದಾರು ಪಟ್ಟು ಮುಂದೆ ಓಡುತ್ತದೆ ಎನ್ನುವುದು ಬದಲಾಗುವುದಿಲ್ಲ. ಹೇಳಿದ್ದನ್ನೆಲ್ಲ ಬರೆಯುತ್ತೇನೆ ಎಂದು ಹಟ ಹಿಡಿದರೆ ಆರರಲ್ಲಿ ಐದು ಮಾತು ತಪ್ಪಲೇಬೇಕು. ಯಾವ ಐದು ತಪ್ಪಬೇಕು ಎಂದು ನೀವು ಆರಿಸದಿದ್ದರೆ ನಿಮ್ಮ ಕೈಯ ವೇಗ ಆರಿಸುತ್ತದೆ.

ಜೊತೆಗೆ ತಲೆಯ ಮಿತಿಯೂ ಇದೆ. ಕೇಳಿದ್ದನ್ನು ಆ ಕ್ಷಣಕ್ಕೆ ಹಿಡಿದಿಟ್ಟು ಕೆಲಸ ಮಾಡುವ ನೆನಪಿನಲ್ಲಿ ಏಳರ ಆಸುಪಾಸು ವಿಷಯ ನಿಲ್ಲುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅಷ್ಟೂ ಇಲ್ಲ, ನಾಲ್ಕರ ಸುಮಾರು ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಇದು ರೊಟ್ಟಿ ಬೇಯಿಸುವ ಹಂಚಿದ್ದಂತೆ: ಹಂಚು ಹಿಡಿಯುವುದು ಒಂದೋ ಎರಡೋ, ಬೆಂದದ್ದನ್ನು ಬುಟ್ಟಿಗೆ ಹಾಕದೆ ಮುಂದಿನದನ್ನು ಹಾಕಲು ಬರುವುದಿಲ್ಲ. ಕೇಳಿದ್ದನ್ನು ಅರ್ಥ ಮಾಡಿಕೊಂಡು ಎರಡು ಪದದಲ್ಲಿ ಹಾಳೆಗೆ ಇಳಿಸಿದರೆ ಜಾಗ ತೆರವಾಗುತ್ತದೆ. ಹಿಂದಿನ ವಾಕ್ಯವನ್ನು ಅಕ್ಷರಶಃ ನೆನಪಿಟ್ಟು ಬರೆಯುತ್ತ ಕೂತರೆ ಈಗ ಹೇಳುತ್ತಿರುವುದು ಒಳಗೇ ಹೋಗುವುದಿಲ್ಲ.

ಇನ್ನು ಮರೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಇಪ್ಪತ್ತು ನಿಮಿಷದ ನಂತರ ಉಳಿದದ್ದು ಶೇ. 58, ಒಂದು ಗಂಟೆಗೆ ಶೇ. 44, ಒಂದು ದಿನಕ್ಕೆ ಮೂರನೇ ಒಂದು ಭಾಗ. ತಿಂಗಳಾದ ಮೇಲೂ ಶೇ. 21 ಉಳಿದಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಅಳಿಯುವುದಿಲ್ಲ, ಹಾಗಾಗಿ ಈ ಅಂಕಿಗಳನ್ನು ಇದ್ದ ಹಾಗೆ ನಿಮ್ಮ ತರಗತಿಗೆ ಹಚ್ಚಬಾರದು. ನೋಡಬೇಕಾದದ್ದು ಇಳಿಜಾರನ್ನು: ಬಹುಪಾಲು ಸೋರಿಕೆ ಮೊದಲ ದಿನವೇ ಆಗುತ್ತದೆ, ಆಮೇಲೆ ನಿಧಾನ. ನೋಟ್ಸ್ ತಿದ್ದುವುದನ್ನು ಭಾನುವಾರಕ್ಕೆ ಎತ್ತಿಡುವವರು ಸೋತುಹೋಗುವುದು ಇಲ್ಲೇ.

ಹಾಳೆಯನ್ನು ಗೆರೆ ಎಳೆದು ಸಿದ್ಧ ಮಾಡುವುದು

ನೋಟ್ಸ್ ಬರೆಯುವ ವಿಧಾನಗಳು ಬೇಕಾದಷ್ಟಿವೆ. ಹೊಸಬರಿಗೆ ಒಂದು ಸಾಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ, ಆ ವಿಶ್ವವಿದ್ಯಾಲಯದ ಹೆಸರಿನಲ್ಲೇ ನಿಂತ ಪದ್ಧತಿ ಅದು. ಬೇಕಾಗುವುದು ಒಂದು ಸ್ಕೇಲ್, ಒಂದು ಪೆನ್ಸಿಲ್.

ಎ4 ಹಾಳೆ 21 ಸೆಂ.ಮೀ. ಅಗಲ. ಎಡತುದಿಯಿಂದ 6 ಸೆಂ.ಮೀ. ಬಿಟ್ಟು ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಕೆಳತುದಿಯಿಂದ 5 ಸೆಂ.ಮೀ. ಮೇಲೆ ಅಡ್ಡಗೆರೆ. ಈಗ ಮೂರು ಮನೆಗಳಾದವು. ಬಲಗಡೆಯ ದೊಡ್ಡ ಮನೆಯಲ್ಲಿ ತರಗತಿಯಲ್ಲಿ ಬರೆಯುವುದು. ಎಡಗಡೆಯ ಸಣ್ಣ ಮನೆ ತರಗತಿಯಲ್ಲಿ ಖಾಲಿಯೇ ಇರಬೇಕು, ಅಲ್ಲಿ ಆಮೇಲೆ ಪ್ರಶ್ನೆಗಳು ಬರುತ್ತವೆ. ಕೆಳಗಿನ ಪಟ್ಟಿಯಲ್ಲಿ ಆ ಪುಟದ ಸಾರ, ಎರಡೇ ವಾಕ್ಯ. ಚಿಕ್ಕ ವಹಿಯಾದರೆ ಎಡಕ್ಕೆ 5 ಸೆಂ.ಮೀ., ಕೆಳಗೆ ಐದಾರು ಸಾಲು. ತಲೆಯ ಮೇಲೆ ದಿನಾಂಕ, ವಿಷಯ, ಮಾಡ್ಯೂಲ್ ಅಥವಾ ಯೂನಿಟ್ ಸಂಖ್ಯೆ, ಪುಟಸಂಖ್ಯೆ. ಪುಟಸಂಖ್ಯೆ ಹಾಕುವವರು ನೂರಕ್ಕೆ ಹತ್ತು ಜನ ಇರಲಿಕ್ಕಿಲ್ಲ, ಬಿಡಿಹಾಳೆ ಗಾಳಿಗೆ ಚೆದುರಿದ ದಿನ ಅದರ ಬೆಲೆ ತಿಳಿಯುತ್ತದೆ.

ಹಾಳೆಯ ಒಂದೇ ಬದಿಗೆ ಬರೆಯಿರಿ. ಕಾಗದ ದಂಡ ಅನ್ನಿಸಬಹುದು, ಆದರೆ ಹಿಂಬದಿ ತಿದ್ದುಪಡಿಗೆ, ಬಿಟ್ಟುಹೋದ ಚಿತ್ರಕ್ಕೆ, ಪುಸ್ತಕದಿಂದ ಸೇರಿಸುವ ಉದಾಹರಣೆಗೆ ಬೇಕಾಗುತ್ತದೆ. ಊರಿಂದ ಬಸ್ಸಿನಲ್ಲಿ ಓಡಾಡುವವರು ಆರು ವಹಿ ಹೊರುವ ಬದಲು ಒಂದು ಪ್ಯಾಡಿಗೆ ಬಿಡಿಹಾಳೆ ಸಿಕ್ಕಿಸಿಕೊಂಡು ಹೋಗಿ, ಸಂಜೆ ಮನೆಯಲ್ಲಿ ಆಯಾ ವಿಷಯದ ಫೈಲಿಗೆ ಸೇರಿಸಬಹುದು. ಫೈಲಿಗೆ ಸೇರಿಸುವುದನ್ನು ಮೂರು ದಿನ ಮುಂದೂಡಿದರೆ ಮಾತ್ರ ಈ ಪದ್ಧತಿ ಕುಸಿಯುತ್ತದೆ. ಅಂಥ ಸ್ವಭಾವದವರಿಗೆ ವಿಷಯಕ್ಕೊಂದು 200 ಪುಟದ ವಹಿಯೇ ಕ್ಷೇಮ.

ಒಂದು ಪಾಠದ ತುಣುಕು, ಎರಡು ಬಗೆಯ ನೋಟ್ಸ್

ಬಿಎ ಇತಿಹಾಸದ ತರಗತಿ. ಮೇಷ್ಟ್ರು ಹೀಗೆ ಹೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ:

"ಈಗ ನೋಡ್ರಿ, ಚಾಲುಕ್ಯರು ಬಾದಾಮಿನೇ ಯಾಕ ರಾಜಧಾನಿ ಮಾಡ್ಕೊಂಡ್ರು? ಒಂದನೇ ಪುಲಕೇಶಿ ಕ್ರಿ.ಶ. 543ರಾಗ ಅಲ್ಲಿ ಗುಡ್ಡದ ಮ್ಯಾಲೆ ಕೋಟೆ ಕಟ್ಟಿಸಿದ ಅಂತ ಬಂಡೆ ಶಾಸನ ಐತಿ. ಎರಡೂ ಕಡೆ ಕಡಿದಾದ ಮರಳುಗಲ್ಲಿನ ಗುಡ್ಡ, ನಡುವ ನೀರು. ವೈರಿ ಏರೋದು ಕಷ್ಟ, ಮುತ್ತಿಗೆ ಹಾಕಿದ್ರೂ ನೀರಿಗೆ ತ್ರಾಸಿಲ್ಲ. ಅದ ಮರಳುಗಲ್ಲು ಮುಂದ ಗುಹಾಲಯ ಕೊರಿಯಾಕೂ ಅನುಕೂಲ ಆತು. ಮೂರನೇ ಗುಹೆಯೊಳಗ 578ರ ಶಾಸನ ಐತಿ, ಮಂಗಳೇಶ ಬರೆಸಿದ್ದು. ಅದಕ್ಕ ಅದರ ಕಾಲ ಪಕ್ಕಾ, ಉಳಿದ ಗುಹೆಗಳದ್ದು ಶೈಲಿ ನೋಡಿ ಹೇಳೋದು."

ಅವಸರದಲ್ಲಿ ಬರೆದವರ ಹಾಳೆಯಲ್ಲಿ ಇರುವುದು ಇಷ್ಟು: "ಬಾದಾಮಿ – ರಾಜಧಾನಿ – ಪುಲಕೇಶಿ – 543 – ಶಾಸನ – ಗುಹೆ – 578 – ಮಂಗಳೇಶ – ಪಕ್ಕಾ." ಇಸವಿ, ಹೆಸರು ಎಲ್ಲ ಸರಿಯಾಗಿಯೇ ಇವೆ. ಆದರೆ ಇವು ಪುಸ್ತಕದಲ್ಲೂ ಸಿಗುತ್ತವೆ. ಮೇಷ್ಟ್ರು ಕಟ್ಟಿಕೊಟ್ಟ "ಯಾಕೆ" ಪೂರ್ತಿ ಬಿಟ್ಟುಹೋಗಿದೆ. ಹದಿನೈದು ದಿನದ ನಂತರ "ಪಕ್ಕಾ" ಎಂದರೆ ಏನು ಪಕ್ಕಾ ಎಂದು ಬರೆದವರಿಗೇ ತಿಳಿಯುವುದಿಲ್ಲ.

ಬಲಗಡೆಯ ಮನೆಯಲ್ಲಿ ಹೀಗೆ ಬರೆಯಬಹುದು:

ರಾಜಧಾನಿ ಬಾದಾಮಿ, ಯಾಕೆ?
– 1ನೇ ಪುಲ., 543, ಬಂಡೆ ಶಾಸನ: ಗುಡ್ಡದ ಮೇಲೆ ಕೋಟೆ
– 2 ಕಡೆ ಕಡಿದಾದ ಗುಡ್ಡ → ರಕ್ಷಣೆ
– ನಡುವೆ ನೀರು → ಮುತ್ತಿಗೆ ತಡೆಯಬಹುದು
– ಮರಳುಗಲ್ಲು → ಗುಹೆ ಕೊರೆಯಲು ಅನುಕೂಲ

ಗುಹೆಗಳ ಕಾಲ
– 3ನೇ ಗುಹೆ: 578, ಮಂಗಳೇಶ, ಶಾಸನ ಇದೆ ∴ ಖಚಿತ
– ಉಳಿದವು: ಶೈಲಿಯಿಂದ ಅಂದಾಜು

ಪದಗಳ ಸಂಖ್ಯೆ ಮೇಷ್ಟ್ರು ಆಡಿದ್ದರ ಮೂರನೇ ಎರಡು ಭಾಗ ಮುಟ್ಟಿಲ್ಲ, ಕಾರಣಗಳೆಲ್ಲ ಉಳಿದಿವೆ. ಸಂಜೆ ಎಡಗಡೆಯ ಮನೆಯಲ್ಲಿ ಎರಡು ಪ್ರಶ್ನೆ: "ಬಾದಾಮಿ ರಾಜಧಾನಿಯಾಗಲು ಮೂರು ಭೌಗೋಳಿಕ ಕಾರಣ?" ಮತ್ತು "3ನೇ ಗುಹೆಯ ಕಾಲ ಖಚಿತ, ಉಳಿದವು ಅಂದಾಜು, ಯಾಕೆ?" ಕೆಳಗಿನ ಪಟ್ಟಿಯಲ್ಲಿ: "ನೆಲದ ಗುಣವೇ ಕೋಟೆಗೂ ಗುಹೆಗೂ ಕಾರಣ. ಶಾಸನ ಇದ್ದಲ್ಲಿ ಇಸವಿ, ಇಲ್ಲದಲ್ಲಿ ಶೈಲಿ."

ಯಾವ ಮಾತು ಬಿಡಬಾರದು

ಪಾಠ ಹೇಳುವವರು ತಮಗೆ ಗೊತ್ತಿಲ್ಲದೆಯೇ ಸೂಚನೆ ಕೊಡುತ್ತಿರುತ್ತಾರೆ. "ಇದಕ್ಕೆ ಮೂರು ಕಾರಣ" ಎಂದರೆ ತಕ್ಷಣ 1, 2, 3 ಎಂದು ಕೆಳಗೆ ಕೆಳಗೆ ಹಾಕಿ ಜಾಗ ಬಿಡಿ. ಎರಡನೆಯದು ತಪ್ಪಿಹೋದರೂ ತಪ್ಪಿದೆ ಎಂದು ಗೊತ್ತಾಗುತ್ತದೆ. "ಆದ್ರ", "ಇದಕ್ಕ ವಿರುದ್ಧ", "ಇದರಿಂದ ಏನಾತು ಅಂದ್ರ" ಎಂಬ ಮಾತುಗಳ ನಂತರ ಬರುವುದು ವಿಷಯದ ತಿರುವು. ಒಂದೇ ಮಾತನ್ನು ಎರಡು ಸಲ ಹೇಳಿದರೆ, ಬೋರ್ಡಿನ ಮೇಲೆ ಬರೆದರೆ, ಯಾರೋ ಕೇಳಿದ ಪ್ರಶ್ನೆಗೆ ಐದು ನಿಮಿಷ ಉತ್ತರ ಕೊಟ್ಟರೆ ಅದು ಹಾಳೆಗೆ ಬರಲೇಬೇಕು. ಪುಸ್ತಕದಲ್ಲಿಲ್ಲದ ಉದಾಹರಣೆಯನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ, ಅದು ಮತ್ತೆಲ್ಲೂ ಸಿಗುವುದಿಲ್ಲ. ಮತ್ತು ಪೀರಿಯಡ್ಡಿನ ಕೊನೆಯ ಐದು ನಿಮಿಷ: ಅರ್ಧ ತರಗತಿ ಬ್ಯಾಗಿನ ಜಿಪ್ ಎಳೆಯುತ್ತಿರುವಾಗ ಇಡೀ ಪಾಠದ ಸಾರ ಹೇಳಿ ಮುಗಿದಿರುತ್ತದೆ.

ಪುಸ್ತಕದಲ್ಲಿರುವ ಉದ್ದನೆಯ ವ್ಯಾಖ್ಯೆಯನ್ನು ತರಗತಿಯಲ್ಲಿ ಬರೆಯಬೇಡಿ, "ಪುಸ್ತಕ, ಪುಟ 42" ಎಂದು ಗುರುತು ಸಾಕು. ಪಿಪಿಟಿ ಓದಿ ಹೇಳುವ ತರಗತಿಯಲ್ಲಿ ಸ್ಲೈಡ್ ಸಂಖ್ಯೆ ಹಾಕಿ, ಸ್ಲೈಡಿನಲ್ಲಿ ಇಲ್ಲದ ಮಾತನ್ನು ಮಾತ್ರ ಬರೆಯಿರಿ. ಇವತ್ತಿಗೂ ಪೂರ್ತಿ ಹೇಳಿ ಬರೆಸುವ ಮೇಷ್ಟ್ರಿದ್ದಾರೆ. ಅಲ್ಲಿ ಬರೆಯದೆ ಗತಿಯಿಲ್ಲ, ಆದರೆ ಆ ಹಾಳೆಗೂ ಎಡಗಡೆ ಮನೆ ಬಿಡಿ. ಹೇಳಿ ಬರೆಸಿದ್ದಕ್ಕೆ ಸಂಜೆಯ ಕೆಲಸ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಬರೆಯುವಾಗ ತಲೆ ಕೆಲಸ ಮಾಡಿಲ್ಲ.

ಚುಟುಕು ಬರಹಕ್ಕೆ ಹತ್ತು ಹನ್ನೆರಡು ಗುರುತು ಸಾಕು. ಕಾರಣ–ಪರಿಣಾಮಕ್ಕೆ →, ಆದ್ದರಿಂದಕ್ಕೆ ∴, ಏರಿಕೆ ಇಳಿಕೆಗೆ ↑ ↓, ಸರಿಸುಮಾರಿಗೆ ≈, ಅರ್ಥವಾಗದ್ದಕ್ಕೆ ವೃತ್ತದೊಳಗೆ ಪ್ರಶ್ನಾರ್ಥಕ. ಕನ್ನಡದ ಉದ್ದ ಪದಗಳನ್ನು ಮೊದಲೆರಡು ಅಕ್ಷರಕ್ಕೆ ಕತ್ತರಿಸಿ ಚುಕ್ಕೆ ಇಡಿ: ಪ್ರಜಾ., ಸಂವಿ., ಅರ್ಥ. ಆದರೆ ಹೊಸ ಗುರುತು ಮಾಡಿಕೊಂಡ ದಿನವೇ ವಹಿಯ ಮೊದಲ ಪುಟದಲ್ಲಿ ಅದರ ಪೂರ್ಣರೂಪ ಬರೆದಿಡಬೇಕು. "ಸಂ." ಎಂದು ಬರೆದದ್ದು ಸಂವಿಧಾನವೋ ಸಂಸತ್ತೋ ಸಂಘವೋ ಎಂದು ಪರೀಕ್ಷೆಯ ಮುನ್ನಾದಿನ ತಲೆ ಕೆರೆದುಕೊಳ್ಳುವ ಪಾಡು ಬೇಡ.

ಪಾಠ ಒಂದು ಭಾಷೆಯಲ್ಲಿ, ಪರೀಕ್ಷೆ ಇನ್ನೊಂದರಲ್ಲಿ

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳ ದೊಡ್ಡ ತೊಡಕು ಇದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಬೆಳಗಾವಿ ಕಡೆ ಕೆಲವರಿಗೆ ಮರಾಠಿ, ಡಿಗ್ರಿಯಲ್ಲಿ ಇಂಗ್ಲಿಷ್ ಪುಸ್ತಕ, ತರಗತಿಯಲ್ಲಿ ಕನ್ನಡ–ಇಂಗ್ಲಿಷ್ ಬೆರೆತ ಮಾತು, ಉತ್ತರಪತ್ರಿಕೆ ಇಂಗ್ಲಿಷಿನಲ್ಲಿ. ಇಂಗ್ಲಿಷ್ ವಾಕ್ಯವನ್ನು ಕೇಳಿ, ಕನ್ನಡದಲ್ಲಿ ಅರ್ಥ ಮಾಡಿಕೊಂಡು, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಬರೆಯುವಷ್ಟರಲ್ಲಿ ಮೇಷ್ಟ್ರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಹಾಗಾಗಿ ಅನೇಕರು ಅರ್ಥ ಮಾಡಿಕೊಳ್ಳುವ ನಡುವಿನ ಹಂತವನ್ನೇ ಬಿಟ್ಟು, ಕಿವಿಗೆ ಬಿದ್ದ ಇಂಗ್ಲಿಷನ್ನು ಕೈಗೆ ದಾಟಿಸುತ್ತಾರೆ.

ಇದಕ್ಕೆ ದಾರಿ ಕೆಲಸವನ್ನು ಎರಡಾಗಿ ಒಡೆಯುವುದು. ತರಗತಿಯಲ್ಲಿ ಪಾರಿಭಾಷಿಕ ಪದ, ಸೂತ್ರ, ವ್ಯಾಖ್ಯೆಯ ಮುಖ್ಯ ಪದಗಳು ಪರೀಕ್ಷೆಯ ಭಾಷೆಯಲ್ಲಿ. ಯಾಕೆ, ಹೇಗೆ, ಉದಾಹರಣೆ ನೀವು ಯೋಚಿಸುವ ಭಾಷೆಯಲ್ಲಿ. ಮಿಶ್ರ ಭಾಷೆಯ ಹಾಳೆಯನ್ನು ನೋಡಿ ನಾಚಿಕೊಳ್ಳಬೇಕಿಲ್ಲ, ಅದನ್ನು ಯಾರೂ ಮೌಲ್ಯಮಾಪನ ಮಾಡುವುದಿಲ್ಲ. ಸಂಜೆ ಎಡಗಡೆಯ ಪ್ರಶ್ನೆ ಮತ್ತು ಕೆಳಗಿನ ಎರಡು ವಾಕ್ಯದ ಸಾರವನ್ನು ಮಾತ್ರ ಪರೀಕ್ಷೆಯ ಭಾಷೆಯಲ್ಲಿ ಬರೆಯಿರಿ. ದಿನಕ್ಕೆ ಐದು ಪೀರಿಯಡ್ಡಿನ ನೋಟ್ಸ್ ಎಂಟು ಪುಟ ಆದರೆ ಹದಿನಾರು ವಾಕ್ಯ. ನಾಲ್ಕು ತಿಂಗಳು ಹೀಗೆ ಮಾಡಿದವರಿಗೆ ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಇಂಗ್ಲಿಷ್ ವಾಕ್ಯ ಕಟ್ಟುವ ಪ್ರಸಂಗ ಬರುವುದಿಲ್ಲ. ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟು ಕೊನೆಯ ವಾರ ತಿರುಗಿಸುತ್ತೇನೆ ಎಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ವಹಿಯ ಕೊನೆಯ ಹತ್ತು ಪುಟಗಳನ್ನು ಪದಪಟ್ಟಿಗೆ ಇಡಿ. ಮೂರು ಕಂಬಸಾಲು: ಪದದ ಇಂಗ್ಲಿಷ್ ಕಾಗುಣಿತ, ಉಚ್ಚಾರ ಕನ್ನಡ ಅಕ್ಷರದಲ್ಲಿ, ಅರ್ಥ ನಿಮ್ಮ ಮಾತಿನಲ್ಲಿ ಒಂದು ಸಾಲು. ಮೂರನೆಯದನ್ನು ನಿಘಂಟಿನಿಂದ ನಕಲು ಮಾಡಿದರೆ ಪ್ರಯೋಜನವಿಲ್ಲ. ಬಿಕಾಂನ ಲೆಕ್ಕಶಾಸ್ತ್ರದಲ್ಲಿ ಡಿಪ್ರಿಸಿಯೇಷನ್ ಎಂದರೆ ಯಂತ್ರ ಸವೆದಂತೆ ಪ್ರತಿವರ್ಷ ಅದರ ಬೆಲೆ ಕಳೆಯುವುದು, ಪಕ್ಕದ ಅರ್ಥಶಾಸ್ತ್ರದ ಪೀರಿಯಡ್ಡಿನಲ್ಲಿ ಅದೇ ಪದ ರೂಪಾಯಿಯ ಮೌಲ್ಯ ಡಾಲರ್ ಎದುರು ಇಳಿಯುವುದಕ್ಕೆ ಬರುತ್ತದೆ. ಯಾವ ವಿಷಯದಲ್ಲಿ ಕೇಳಿದ್ದು ಎಂದೂ ಪಟ್ಟಿಯಲ್ಲಿ ಇರಲಿ.

ಲೆಕ್ಕ, ಡೆರಿವೇಷನ್, ಲ್ಯಾಬ್

ಡೆರಿವೇಷನ್ ಎಂದರೆ ಒಂದು ಸೂತ್ರ ಹೇಗೆ ಬಂತು ಎಂದು ಹೆಜ್ಜೆಹೆಜ್ಜೆಯಾಗಿ ತೋರಿಸುವುದು. ಅದರ ನೋಟ್ಸ್ ಬೋರ್ಡಿನ ನಕಲಾಗಿ ಉಳಿಯುವುದೇ ಹೆಚ್ಚು. ಬೋರ್ಡಿನ ಮೇಲೆ ಇರುವುದು ಸಮೀಕರಣಗಳು, ಒಂದರಿಂದ ಇನ್ನೊಂದಕ್ಕೆ ಹೋದ ಕಾರಣ ಇರುವುದು ಮಾತಿನಲ್ಲಿ. ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳು ಓದುವ, ತೊಲೆ ಬಾಗುವುದನ್ನು ಲೆಕ್ಕ ಹಾಕುವ ಬೆಂಡಿಂಗ್ ಸಮೀಕರಣವನ್ನೇ ನೋಡಿ. ಅದು ನಿಲ್ಲುವುದು ಕೆಲವು ಊಹೆಗಳ ಮೇಲೆ: ತೊಲೆಯ ವಸ್ತು ಎಲ್ಲ ಕಡೆ ಒಂದೇ ಗುಣದ್ದು, ಬಾಗುವ ಮೊದಲು ಸಮತಲವಾಗಿದ್ದ ಅಡ್ಡಕೊಯ್ತ ಬಾಗಿದ ಮೇಲೂ ಸಮತಲವಾಗಿಯೇ ಇರುತ್ತದೆ, ಒತ್ತಡ ಸ್ಥಿತಿಸ್ಥಾಪಕ ಮಿತಿಯೊಳಗಿದೆ, ಎಳೆತಕ್ಕೂ ಒತ್ತಿಕೆಗೂ ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) ಒಂದೇ. ಇವನ್ನು ಮೇಷ್ಟ್ರು ಪೀರಿಯಡ್ಡಿನ ಮೊದಲ ಮೂರು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಆಗ ಅರ್ಧ ತರಗತಿ ಪೆನ್ನು ಹುಡುಕುತ್ತಿರುತ್ತದೆ. ಪರೀಕ್ಷೆಯಲ್ಲಿ ಊಹೆಗಳಿಗೆ ಪ್ರತ್ಯೇಕ ಅಂಕ.

ಹಾಗಾಗಿ ಮೊದಲು ಊಹೆಗಳು, ಆಮೇಲೆ ಹೆಸರು ಬರೆದ ಚಿತ್ರ, ನಂತರ ಸಂಖ್ಯೆ ಹಾಕಿದ ಹೆಜ್ಜೆಗಳು. ಪ್ರತಿ ಹೆಜ್ಜೆಯ ಬಲಕ್ಕೆ ಮೂರು ನಾಲ್ಕು ಪದದಲ್ಲಿ ಕಾರಣ: "ಹುಕ್‌ನ ನಿಯಮ", "ಒಟ್ಟು ಬಲ ಸೊನ್ನೆ". ಬೋರ್ಡಿನಲ್ಲಿ ಎರಡು ಹೆಜ್ಜೆ ಹಾರಿಸಿದ ಕಡೆ ವೃತ್ತದ ಪ್ರಶ್ನಾರ್ಥಕ ಹಾಕಿ ಎರಡು ಸಾಲು ಖಾಲಿ ಬಿಡಿ. ಲೆಕ್ಕವಾದರೆ ಸಂಜೆ ಪ್ರಶ್ನೆಯನ್ನಷ್ಟೇ ಬೇರೆ ಹಾಳೆಗೆ ಬರೆದು, ತರಗತಿಯ ಉತ್ತರ ಮುಚ್ಚಿ ಮತ್ತೊಮ್ಮೆ ಬಿಡಿಸಬೇಕು. ಬಿಡಿಸಿದ ಲೆಕ್ಕವನ್ನು ಕಣ್ಣಲ್ಲಿ ಓದುವುದು ಲೆಕ್ಕದ ಅಭ್ಯಾಸವೇ ಅಲ್ಲ. ಲ್ಯಾಬಿನಲ್ಲಿ ಅಳತೆಗಳನ್ನು ಪೆನ್ನಿನಲ್ಲೇ, ಏಕಮಾನದ ಸಮೇತ ಬರೆಯಿರಿ, ತಪ್ಪಿದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿ ಮಾಡಿ.

ಅರ್ಧ ಕೆಲಸ ತರಗತಿ ಮುಗಿದ ಮೇಲೆ

2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು ಓದಿಸಿದರು. ಆಮೇಲೆ ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು, ಕೆಲವರಿಗೆ ಹಾಳೆ ಮುಚ್ಚಿ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ತಿರುಗಿತು: ನೆನಪಿಸಿ ಬರೆದವರಿಗೆ ಶೇ. 56ರಷ್ಟು ಉಳಿದಿತ್ತು, ಮತ್ತೆ ಓದಿದವರಿಗೆ ಶೇ. 42. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಏಕೆಂದರೆ ಉತ್ತರ ಕಣ್ಣೆದುರೇ ಇರುತ್ತದೆ. ಹೈಲೈಟರ್ ಕೂಡ ಇದೇ ಮೋಸ ಮಾಡುತ್ತದೆ. ನಾಲ್ಕು ಬಣ್ಣದಲ್ಲಿ ಮಿಂಚುವ ಹಾಳೆ ನೋಡಲು ಚೆಂದ, ಅಷ್ಟೇ.

ಆದ್ದರಿಂದ ನೋಟ್ಸ್ ಬಳಸುವ ಕ್ರಮ ಹೀಗೆ. ಅದೇ ದಿನ, ರಾತ್ರಿ ಮಲಗುವುದರೊಳಗೆ, ಪ್ರತಿ ಪೀರಿಯಡ್ಡಿಗೆ ಹತ್ತು ನಿಮಿಷ: ಅರ್ಧ ವಾಕ್ಯ ಪೂರ್ತಿ ಮಾಡುವುದು, ಎಡಗಡೆ ಎರಡು ಮೂರು ಪ್ರಶ್ನೆ, ಕೆಳಗೆ ಸಾರ. ಐದು ಪೀರಿಯಡ್ಡಿಗೆ ಐವತ್ತು ನಿಮಿಷ. ಎರಡು ಮೂರು ದಿನ ಬಿಟ್ಟು ಬಲಗಡೆಯ ಮನೆಯನ್ನು ಒಂದು ರಟ್ಟಿನಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ, ರಟ್ಟು ಸರಿಸಿ ನೋಡುವುದು. ತಪ್ಪಿದ ಪ್ರಶ್ನೆಗೆ ಚುಕ್ಕೆ ಇಡಿ. ವಾರದ ನಂತರ ಮತ್ತೊಮ್ಮೆ, ತಿಂಗಳಿಗೆ ಮಗದೊಮ್ಮೆ, ಅದೂ ಚುಕ್ಕೆ ಇರುವವನ್ನು ಮೊದಲು. ಬಸ್ಸಿನಲ್ಲಿ ಮನೆಗೆ ಹೋಗುವವರು ಕುಲುಕಾಟದಲ್ಲಿ ಓದಿ ತಲೆನೋವು ತಂದುಕೊಳ್ಳಬೇಕಿಲ್ಲ. ವಹಿ ಬ್ಯಾಗಿನಲ್ಲೇ ಇರಲಿ, ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳುತ್ತ ಹೋದರೆ ಅದೇ ಅಭ್ಯಾಸ.

ಎಡಗಡೆಯ ಪ್ರಶ್ನೆಗಳನ್ನು ಪರೀಕ್ಷೆಯ ಮಾದರಿಗೆ ಹೊಂದಿಸಬಹುದು. ವಿಟಿಯುವಿನ ಸಾಮಾನ್ಯ ಥಿಯರಿ ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿನಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ. ಮೂರು ಗಂಟೆಯನ್ನು ಐದರಿಂದ ಭಾಗಿಸಿದರೆ ಒಂದು ಪ್ರಶ್ನೆಗೆ 36 ನಿಮಿಷ. ಪ್ರತಿ ಉಪಪ್ರಶ್ನೆಯ ಪಕ್ಕದಲ್ಲಿ ಅಂಕದ ಜೊತೆ ಎಲ್1, ಎಲ್2, ಎಲ್3 ಎಂದು ಇರುತ್ತದೆ: ನೆನಪಿಸಿ ಬರೆಯುವುದು, ಅರ್ಥ ಮಾಡಿಕೊಂಡು ವಿವರಿಸುವುದು, ಹೊಸ ಸಂದರ್ಭಕ್ಕೆ ಹಚ್ಚುವುದು. ನಿಮ್ಮ ಎಡಗಡೆಯ ಪ್ರಶ್ನೆಗಳೆಲ್ಲ "ಎಂದರೇನು?" ಎಂದೇ ಇದ್ದರೆ ಎಲ್1ಕ್ಕೆ ಮಾತ್ರ ತಯಾರಿ ನಡೆದಿದೆ. "ಯಾಕೆ", "ಇದಕ್ಕೂ ಅದಕ್ಕೂ ವ್ಯತ್ಯಾಸ", "ಇದನ್ನು ಬದಲಿಸಿದರೆ ಏನಾಗುತ್ತದೆ" ಎಂಬವೂ ಇರಬೇಕು. ಬಿಎ, ಬಿಕಾಂನವರು ಹಳೆಯ ಪ್ರಶ್ನೆಪತ್ರಿಕೆ ಮೂರು ನಾಲ್ಕು ತಂದು ಅದರ ಧಾಟಿ ನೋಡಿಕೊಂಡರೆ ಸಾಕು.

ಲ್ಯಾಪ್‌ಟಾಪ್, ಮೊಬೈಲ್ ಫೋಟೊ, ಝೆರಾಕ್ಸ್

ಕೈಬರಹ ಮೇಲೋ ಲ್ಯಾಪ್‌ಟಾಪ್ ಮೇಲೋ ಎಂಬ ಜಗಳ ಮುಗಿದಿಲ್ಲ. ಟೈಪ್ ಮಾಡುವವರು ಹೇಳಿದ್ದನ್ನು ಹಾಗೆಯೇ ಇಳಿಸುತ್ತಾರೆ, ವಿಷಯದ ಒಳ ಹೊಕ್ಕು ಕೇಳಿದ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಎಂದು ಪಾಮ್ ಮುಲ್ಲರ್, ಡೇನಿಯಲ್ ಓಪನ್‌ಹೈಮರ್ ಎಂಬ ಸಂಶೋಧಕರು ಪ್ರಯೋಗ ಮಾಡಿ 2014ರಲ್ಲಿ ಹೇಳಿದರು. ನಂತರ ಅದೇ ಪ್ರಯೋಗವನ್ನು ಬೇರೆಯವರು ಮಾಡಿದಾಗ ಅಂಕಗಳಲ್ಲಿ ಅಷ್ಟು ಸ್ಪಷ್ಟ ಅಂತರ ಕಾಣಲಿಲ್ಲ. ಹಾಗಾಗಿ ಯಂತ್ರವನ್ನು ದೂರಬೇಕಿಲ್ಲ, ಪದಕ್ಕೆ ಪದ ಇಳಿಸುವ ಚಾಳಿಯನ್ನು ದೂರಬೇಕು. ಆದರೂ ಚಿತ್ರ, ಸಮೀಕರಣ, ಕನ್ನಡ–ಇಂಗ್ಲಿಷ್ ಬೆರಕೆ ಇರುವ ತರಗತಿಗೆ ಪೆನ್ನು ಕಾಗದದಷ್ಟು ಸಲೀಸು ಬೇರೆ ಇಲ್ಲ.

ಬೋರ್ಡಿನ ಫೋಟೊ ತೆಗೆಯಬಹುದು, ಮೇಷ್ಟ್ರು ಒಪ್ಪಿದರೆ. ಅದರಲ್ಲಿ ಬೋರ್ಡು ಬರುತ್ತದೆ, ಮಾತು ಬರುವುದಿಲ್ಲ. ತೆಗೆದ ದಿನವೇ ಹಾಳೆಗೆ ಇಳಿಸದಿದ್ದರೆ ಮದುವೆಯ ಫೋಟೊ, ಗುಡ್ ಮಾರ್ನಿಂಗ್ ಸಂದೇಶಗಳ ನಡುವೆ ಅದನ್ನು ಹುಡುಕುವ ಕೆಲಸವೇ ದೊಡ್ಡದಾಗುತ್ತದೆ.

ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸೀನಿಯರ್ ನೋಟ್ಸ್ ಪೂರ್ತಿ ನಿರುಪಯೋಗಿ ಎನ್ನುವುದು ಸುಳ್ಳು. ಅದರ ಮೇಲೆ ಯಾವ ಸ್ಕೀಮ್, ಯಾವ ವರ್ಷದ ಸಿಲಬಸ್ ಎಂದು ಮೊದಲು ನೋಡಿ. ಸಿಲಬಸ್ ಬದಲಾಗಿದ್ದರೆ ಒಂದಿಡೀ ಯೂನಿಟ್ ವ್ಯರ್ಥ. ನಕಲಿನ ನಕಲಾದ್ದರಿಂದ ಋಣ ಚಿಹ್ನೆ, ದಶಮಾಂಶ ಬಿಂದು ಅಳಿಸಿಹೋಗಿರುತ್ತವೆ, ಲೆಕ್ಕಗಳನ್ನು ಪುಸ್ತಕದೊಂದಿಗೆ ತಾಳೆ ನೋಡದೆ ನಂಬಬಾರದು. ನಿಮ್ಮ ನೋಟ್ಸ್ ಬರೆದಾದ ಮೇಲೆ ಬಿಟ್ಟುಹೋದದ್ದನ್ನು ಹುಡುಕಲು ಅದು ಒಳ್ಳೆಯದು.

ತಪ್ಪಿಹೋದ ತರಗತಿ

ಬಸ್ ತಪ್ಪುತ್ತದೆ, ಜ್ವರ ಬರುತ್ತದೆ, ಮನೆಯಲ್ಲಿ ಕಬ್ಬಿನ ಕಟಾವು ಇರುತ್ತದೆ. ತಪ್ಪಿದ ದಿನದ ದಿನಾಂಕ, ವಿಷಯ ಹಾಕಿ ಎರಡು ಹಾಳೆ ಖಾಲಿ ಬಿಡಿ. ಇಲ್ಲದಿದ್ದರೆ ತಪ್ಪಿದ್ದೇ ಮರೆಯುತ್ತದೆ. ಒಬ್ಬರ ಬದಲು ಇಬ್ಬರ ನೋಟ್ಸ್ ತಂದು ಪಕ್ಕಪಕ್ಕ ಇಟ್ಟು ಓದಿ. ಇಬ್ಬರಲ್ಲೂ ಇರುವುದು ಪಾಠದ ಬೆನ್ನೆಲುಬು, ಒಬ್ಬರಲ್ಲಿ ಮಾತ್ರ ಇರುವುದು ಉದಾಹರಣೆಯೋ ತಪ್ಪು ಕೇಳಿಸಿಕೊಂಡದ್ದೋ. ಆಮೇಲೆ ಪುಸ್ತಕದ ಆ ಭಾಗ ಓದಿ, ಮೂರನ್ನೂ ಮುಚ್ಚಿ, ನಿಮ್ಮ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಪೆನ್ಸಿಲ್ ಏಕೆಂದರೆ ಇದು ಕೇಳಿ ಬರೆದದ್ದಲ್ಲ, ತಿದ್ದುವುದು ಇನ್ನೂ ಇದೆ ಎಂದು ಮುಂದೆ ನೋಡಿದಾಗ ಗೊತ್ತಾಗಬೇಕು. ಉಳಿದ ಸಂಶಯಕ್ಕೆ ಮೇಷ್ಟ್ರ ಹತ್ತಿರ ಹೋಗಿ "ಸರ್, ಮೊನ್ನೆ ಏನ್ ಮಾಡಿದ್ರಿ?" ಎಂದು ಕೇಳಿದರೆ "ಪುಸ್ತಕ ನೋಡ್ಕೊ" ಎಂಬ ಉತ್ತರ ಬರುತ್ತದೆ. ಅದೇ ಹಾಳೆ ತೋರಿಸಿ, "ಸರ್, ಈ ನಾಲ್ಕನೇ ಹೆಜ್ಜೆಯಿಂದ ಐದಕ್ಕೆ ಹೆಂಗ ಬಂತು ತಿಳೀವಲ್ದು" ಎಂದರೆ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಎರಡು ನಿಮಿಷದಲ್ಲಿ ಹೇಳಿಕೊಡುತ್ತಾರೆ.